ಪಲ್ಲಕ್ಕಿಯಲ್ಲಿ ವೀಣೆ, ಗಾಜಿನೊಳಗೆ ತಂಬೂರಿ

ನಮ್ಮ ಮಂಡ್ಯದ ಕಡೆ ಸಾಲ ಕೊಟ್ಟು ಕೆಟ್ಟವರು ಆಡುವ ಮಾತೊಂದಿದೆ: ‘ಕೊಟ್ಟೋನು ಕೋಡಂಗಿ, ಇಸ್ಕಂಡೋನು ಈರಭದ್ರ’. ಶಾಸ್ತ್ರೀಯ ಸಂಗೀತದ ಲೋಕದಲ್ಲಿ ಮಾತ್ರ ಈ ಗಾದೆ ತಲೆಕೆಳಗು. ಹಳೆಯ, ಅಪರೂಪದ ತಂತಿವಾದ್ಯವನ್ನು ಎರವಲು ಕೊಟ್ಟವನೇ ಅಲ್ಲಿ ಈರಭದ್ರ. ಇಸ್ಕೊಂಡ ಪ್ರತಿಭಾವಂತ ಅವನೆದುರು ಕೈಕಟ್ಟಿ ನಿಲ್ಲಬೇಕು. ಇದನ್ನು ಕಲಾಪೋಷಣೆ ಎಂದು ಹೊಗಳುವುದು ರೂಢಿ. ಈ ಔದಾರ್ಯದಲ್ಲಿ ಯಾರು ಯಾರನ್ನು ಪರೀಕ್ಷೆ ಮಾಡುತ್ತಾರೆ ಎಂಬುದು ನನ್ನ ಪ್ರಶ್ನೆ.

ಇಟಲಿಯ ಕ್ರೆಮೋನಾದಲ್ಲಿ ಪಿಟೀಲು ಮಾಡುತ್ತಿದ್ದ ಆಂಟೋನಿಯೋ ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ. ಅವನು ಮಾಡಿದ ವಾದ್ಯಗಳು ಇವತ್ತು ನುಡಿಸುವವರ ಕೈಗೆ ಎಟುಕುವ ಬೆಲೆಯಲ್ಲಿಲ್ಲ. ಬ್ಯಾಂಕುಗಳು, ಪ್ರತಿಷ್ಠಾನಗಳು, ಸಿರಿವಂತರು ಕೊಂಡಿಟ್ಟುಕೊಂಡು ತಾವು ಮೆಚ್ಚಿದ ಕಲಾವಿದರಿಗೆ ಎರವಲು ಕೊಡುತ್ತಾರೆ. ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ ಅಂಥದೊಂದು ಸಂಸ್ಥೆ. 2011ರಲ್ಲಿ ಅದು ‘ಲೇಡಿ ಬ್ಲಂಟ್’ ಎಂಬ 1721ರ ಪಿಟೀಲನ್ನು ಹರಾಜು ಹಾಕಿತು. ಬಂದದ್ದು ಸುಮಾರು 1 ಕೋಟಿ 59 ಲಕ್ಷ ಡಾಲರು. ಹಣ ಹೋದದ್ದು ಭೂಕಂಪ, ಸುನಾಮಿಗೆ ಸಿಕ್ಕಿ ನೊಂದವರಿಗೆ. ಒಳ್ಳೆಯ ಕೆಲಸವೇ ಸರಿ. ಆದರೆ ಆ ಪಿಟೀಲಿಗೆ ಅಷ್ಟು ಬೆಲೆ ಬರಲು ಒಂದು ಕಾರಣ, ಅದನ್ನು ಹೆಚ್ಚು ನುಡಿಸದೆ ಜೋಪಾನ ಮಾಡಿದ್ದು. ನುಡಿಯದ ವಾದ್ಯ ಮಾರುಕಟ್ಟೆಯಲ್ಲಿ ಕೋಟಿ ಬಾಳುತ್ತದೆ. ಆ ಕಾಲದ ಪಿಟೀಲಿಗೆ ಬಿಗಿಯುತ್ತಿದ್ದದ್ದು ಕುರಿಯ ಕರುಳಿನ ತಂತಿ. ವಾದ್ಯ ಮಾಡಿದವನ ಹೆಸರಿಗೆ ಕೋಟಿ ಸುರಿಯುವವರಿಗೆ, ಕರುಳು ತೊಳೆದು ಹೊಸೆದು ಒಣಗಿಸಿದವರ ಹೆಸರು ಬೇಕಾಗಿಲ್ಲ.

ನಮ್ಮ ಮೈಸೂರಿಗೆ ಬರೋಣ. ವೀಣೆ ಶೇಷಣ್ಣನವರ (1852–1926) ಬಗ್ಗೆ ಪ್ರಸಿದ್ಧವಾದ ಕತೆಯೊಂದಿದೆ. ಬರೋಡದ ಮಹಾರಾಜರು ಅವರಿಗೆ ಪಲ್ಲಕ್ಕಿಯ ಮರ್ಯಾದೆ ಮಾಡಿದರಂತೆ. ಮೈಸೂರಿನಲ್ಲಿ ಅದೇ ಪಲ್ಲಕ್ಕಿಯಲ್ಲಿ ಮೆರವಣಿಗೆ ಬರಬೇಕಾದಾಗ ಅವರು ತಾವು ಕೂರದೆ ವೀಣೆಯನ್ನು ಕೂರಿಸಿ, ಪಕ್ಕದಲ್ಲಿ ನಡೆದುಕೊಂಡು ಹೋದರಂತೆ. ಎಂಥ ವಿನಯ ಎಂದು ಎಲ್ಲರೂ ಬರೆಯುತ್ತಾರೆ. ಪಲ್ಲಕ್ಕಿ ಹೊತ್ತ ಬೋಯಿಗಳು ಎಷ್ಟು ಜನ, ಯಾವ ಕೇರಿಯವರು ಎಂದು ಬರೆದವರನ್ನು ನಾನು ಕಾಣೆ. ಶೇಷಣ್ಣನವರ ವಿದ್ವತ್ತಿನ ಬಗ್ಗೆ ನನಗೆ ತಕರಾರಿಲ್ಲ. ವೀಣೆಗೂ ಕೂರಲು ಜಾಗವಿದ್ದ ಆ ಮೆರವಣಿಗೆಯಲ್ಲಿ ಕೆಲವು ಮನುಷ್ಯರಿಗೆ ಇದ್ದದ್ದು ಹೆಗಲು ಮಾತ್ರ ಎಂಬುದನ್ನು ವಿಮರ್ಶೆ ಕಾಣಬೇಕು.

ನಾಲ್ವಡಿಯವರನ್ನು ದೂರುವ ಬಾಯಿ ಮಂಡ್ಯದವರದಲ್ಲ. ಕನ್ನಂಬಾಡಿ ಕಟ್ಟೆಯ ನೀರು ಕುಡಿದವರು ನಾವು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂದು 1918ರಲ್ಲಿ ಮಿಲ್ಲರ್ ಸಮಿತಿ ಕೂರಿಸಿದ ದೊರೆ ಅವರು. ಕಚೇರಿಯ ಕೆಲಸದಲ್ಲಿ ಪಾಲು ಕೇಳುವ ದಾರಿ ಹೀಗೆ ತೆರೆಯಿತು. ಸಂಗೀತದ ಕಚೇರಿಯಲ್ಲಿ? ಆಸ್ಥಾನ ವಿದ್ವಾಂಸರ ಹೆಸರನ್ನು ಬಾಯಿಪಾಠ ಒಪ್ಪಿಸುವವರು ಅದರಲ್ಲಿ ಒಬ್ಬ ನೀಲಗಾರನ ಹೆಸರು ಹೇಳಲಿ ನೋಡೋಣ.

ನೀಲಗಾರರು ಯಾರು ಅಂತ ಮಳವಳ್ಳಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಮಂಟೇಸ್ವಾಮಿ ಒಕ್ಕಲಿನವರು, ದೀಕ್ಷೆ ಪಡೆದು ಹಾಡುವವರು. ಹೆಚ್ಚಿನವರು ಹೊಲಗೇರಿಯಿಂದ ಬಂದವರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ, ಜೊತೆಗೆ ಡಿಕ್ಕಿ, ತಾಳ. ಇಡೀ ರಾತ್ರಿ ಹಾಡಿದರೂ ಕಾವ್ಯ ಮುಗಿಯದು. 1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ‘ಮಂಟೇಸ್ವಾಮಿ ಮಹಾಕಾವ್ಯ’ದ ಗಾತ್ರ ನೋಡಿದರೆ ಇವರ ನೆನಪಿನ ಆಳ ತಿಳಿಯುತ್ತದೆ. ತಂತಿವಾದ್ಯ ಎಂದೊಡನೆ ವೀಣೆ, ಪಿಟೀಲು ನೆನೆಯುವ ನಮ್ಮ ಸಂಗೀತ ವಿಮರ್ಶೆಗೆ ಈ ತಂಬೂರಿ ಒಂದು ತಂತಿವಾದ್ಯ ಅಂತಲೇ ಹೊಳೆಯುವುದಿಲ್ಲ. ಅದು ‘ಜಾನಪದ ಪರಿಕರ’!

ಎರವಲು, ದಾನ, ಭಿಕ್ಷೆ ಇವುಗಳ ಬಗ್ಗೆ ಈ ಕಾವ್ಯಕ್ಕೇ ಒಂದು ಮೀಮಾಂಸೆಯಿದೆ. ಅದು ನಡೆಯುವುದೂ ನಮ್ಮ ನೆಲದಲ್ಲೇ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಆಚಾರರ ಮನೆಯ ಹುಡುಗ ಕೆಂಪಾಚಾರಿ ಮಂಟೇಸ್ವಾಮಿಗೆ ಗುಡ್ಡನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಗುರು ಅವನನ್ನು ಮಳವಳ್ಳಿ ಸೀಮೆಯ ಹಲಗೂರಿಗೆ ಕಳಿಸುತ್ತಾನೆ, ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತಾ ಎಂದು. ಹಲಗೂರಿನವರು ಅವನ ಜಾತಿಯವರೇ. ಆದರೆ ಕೀಳೆನಿಸಿಕೊಂಡವರ ಗುರುವಿನ ಹಿಂದೆ ಹೋದವನು ಅವರಿಗೆ ನಮ್ಮವನಾಗಿ ಕಾಣುವುದಿಲ್ಲ. ಕಬ್ಬಿಣ ಕೊಡುವ ಬದಲು ಪರೀಕ್ಷೆ ಒಡ್ಡುತ್ತಾರೆ: ವಿಷ ಇಕ್ಕುತ್ತಾರೆ, ಕಾದ ಕಬ್ಬಿಣ ಹಿಡಿ ಅನ್ನುತ್ತಾರೆ. ಕೇಳಲು ಬಂದವನು ಎಲ್ಲವನ್ನೂ ಗೆಲ್ಲುತ್ತಾನೆ. ಕೊನೆಗೆ ಸಣ್ಣವರಾಗುವುದು ಕಬ್ಬಿಣ ಇಟ್ಟುಕೊಂಡೂ ಕೊಡದೆ ಹೋದವರು.

ಇಲ್ಲಿ ಭಿಕ್ಷೆ ಬೇಡುವವನೇ ಕೊಡುವವನನ್ನು ಪರೀಕ್ಷಿಸುತ್ತಾನೆ. ಕಲ್ಯಾಣದ ಪ್ರಸಂಗದಲ್ಲೂ ಅಷ್ಟೆ: ಅಸಹ್ಯದ ವೇಷ ತೊಟ್ಟು ಹೋದ ಮಂಟೇಸ್ವಾಮಿ ಶರಣರನ್ನು ಒರೆಗೆ ಹಚ್ಚುತ್ತಾನೆ. ಕಲಾಪೋಷಕರ ಲೋಕದ ನಿಯಮ ಇದಕ್ಕೆ ತದ್ವಿರುದ್ಧ. ‘ನಿನ್ನಲ್ಲಿ ಪ್ರತಿಭೆ ಇದೆಯೇ ತೋರಿಸು’ ಎಂದು ಇರುವವನು ಕೇಳುತ್ತಾನೆ. ‘ನಿನ್ನ ಹತ್ತಿರ ಇದು ಹೇಗೆ ಬಂತು’ ಎಂದು ಇಲ್ಲದವನು ಕೇಳುವಂತಿಲ್ಲ. ಪ್ರತಿಭೆ ಎಂಬ ಮಾತು ಹುಟ್ಟುವುದೂ ವಾದ್ಯ ಮುಟ್ಟಲು ಬಿಟ್ಟ ಮನೆಯಲ್ಲೇ ಅಲ್ಲವೇ? ಮುಟ್ಟಲೇ ಬಿಡದವನ ಪ್ರತಿಭೆಯನ್ನು ಯಾವ ಸಮಿತಿ ಅಳೆದೀತು?

ನಮ್ಮವರೇ ಎತ್ತುವ ಆಕ್ಷೇಪ ಒಂದಿದೆ, ಅದನ್ನು ಮರೆಮಾಚಬಾರದು. ಬೊಪ್ಪೇಗೌಡನಪುರದ ಮಠದ ಪೀಠ ಇರುವುದು ಅರಸು ಮನೆತನದ ಕೈಯಲ್ಲಿ. ಗದ್ದುಗೆ ಅವರದು, ಗಂಟಲು ನಮ್ಮದು. ಭಿಕ್ಷದ ಜೋಳಿಗೆಯನ್ನು ಕೊಂಡಾಡುತ್ತಾ ಕೂತರೆ ಹುಡುಗರು ಓದೋದು ಯಾವಾಗ ಎಂದು ಸಂಘಟನೆಯ ಗೆಳೆಯರು ಕೇಳುವುದೂ ನ್ಯಾಯ. ತಮಟೆ ಬಡಿಯುವ ಚಾಕರಿ ಬಿಡಿ ಎಂದು ದಲಿತ ಚಳವಳಿ ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಚಾಕರಿಯನ್ನು ಬಿಡುವುದು ಬೇರೆ, ವಾದ್ಯವನ್ನು ಬಿಟ್ಟುಕೊಡುವುದು ಬೇರೆ. ನಾವು ಕೈಬಿಟ್ಟ ವಾದ್ಯ ಎಲ್ಲಿಗೆ ಹೋಯಿತು ಎಂದಾದರೂ ನೋಡಬೇಡವೇ?

ಅದು ಗಾಜಿನ ಪೆಟ್ಟಿಗೆಗೆ ಹೋಯಿತು. ಜಾನಪದ ವಾದ್ಯಗಳನ್ನು ಊರೂರು ತಿರುಗಿ ಕೂಡಿಸಿದ ನಾಗಮಂಗಲ ಸೀಮೆಯ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡರಂಥವರ ಶ್ರಮ ದೊಡ್ಡದು. ಅವರಿಲ್ಲದಿದ್ದರೆ ಎಷ್ಟೋ ಮಣ್ಣಾಗುತ್ತಿತ್ತು. ಆದರೂ ಕೂಡಿಟ್ಟದ್ದು ಯಾರಿಗಾಗಿ ಎಂದು ಕೇಳಲೇಬೇಕು. ಹೆಸರು ಬೇಡ, ಒಂದು ಸಂಗ್ರಹಾಲಯದಲ್ಲಿ ನಾನು ನೋಡಿದ ತಂಬೂರಿಗೆ ಎರಡು ತಂತಿ ಇರಲಿಲ್ಲ. ಚೀಟಿಯಲ್ಲಿ ‘ತಂಬೂರಿ, ಜನಪದ ವಾದ್ಯ’ ಎಂದಿತ್ತು. ಯಾರ ಹೆಗಲ ಮೇಲಿದ್ದದ್ದು, ಯಾವ ಊರಿನದು, ಒಂದಕ್ಷರವಿಲ್ಲ. ಜೊತೆಗಿದ್ದ ಮಳವಳ್ಳಿ ಕಡೆಯ ಹಿರಿಯರೊಬ್ಬರು ಬಗ್ಗಿ ನೋಡಿ, “ಇದ್ಯಾಕಪ್ಪ ಇಲ್ಲಿ ಬಾಯ್ ಕಟ್ಕಂಡ್ ಕೂತದೆ” ಅಂದರು. ಕಾವಲಿನವನು, “ಮುಟ್ಟಬೇಡಿ ಯಜಮಾನ್ರೆ” ಅಂದ.

ಪಿಟೀಲನ್ನು ಎರವಲು ಕೊಡುವವರು ಹೇಳುವ ಒಂದು ಮಾತನ್ನು ನಾನು ಒಪ್ಪುತ್ತೇನೆ: ವಾದ್ಯ ನುಡಿಯಬೇಕು. ಆ ಮಾತು ತಂಬೂರಿಗೂ ಸಲ್ಲಲಿ. ಸರ್ಕಾರದ ಹಣದಲ್ಲಿ ನಡೆಯುವ ಸಂಗ್ರಹಾಲಯಗಳು ತಮ್ಮಲ್ಲಿರುವ ಹಳೆಯ ತಂಬೂರಿ, ಕಿನ್ನರಿ, ಏಕತಾರಿಗಳ ಪಟ್ಟಿ ಮಾಡಿ, ತಂದ ಊರು, ನುಡಿಸಿದವರ ಹೆಸರು ಪತ್ತೆ ಹಚ್ಚಿ ಪ್ರಕಟಿಸಲಿ. ತಂತಿ ಕಟ್ಟಿಸಿ, ಗಟ್ಟಿಯಿರುವುದನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಕೇರಿಗಳಲ್ಲಿ ಹಾಡು ಕಲಿಯುತ್ತಿರುವ ಹುಡುಗ ಹುಡುಗಿಯರ ಕೈಗೆ ಕೊಡಲಿ. ಯಾರಿಗೆ ಕೊಡಬೇಕು ಎಂದು ಹಾಡುವ ಹಿರಿಯ ನೀಲಗಾರರೇ ತೀರ್ಮಾನಿಸಲಿ. ಹಳೆಯ ಮೈಸೂರಿನ ವಿದ್ವಾಂಸರೂ ಅಲ್ಲ, ನಮ್ಮಂಥ ಪ್ರಾಧ್ಯಾಪಕರೂ ಅಲ್ಲ. ಒಡೆದು ಹೋದರೆ ಎಂದು ಅಧಿಕಾರಿಗಳು ಕೇಳುತ್ತಾರೆ. ಒಡೆದರೆ ಕಟ್ಟುವ ಕೈಗಳೂ ಅದೇ ಊರುಗಳಲ್ಲಿವೆ. ಕೇಳುವವರಾಗಿ ನಾವು ಹೋಗೋಣ, ಅರ್ಜಿ ಹಿಡಿದು. ಕೊಡುತ್ತಾರೋ, ಇಲ್ಲ ಹಲಗೂರಿನವರಂತೆ ಇಟ್ಟುಕೊಂಡೂ ಕೊಡದೆ ನಿಲ್ಲುತ್ತಾರೋ, ಈ ಸಲದ ಪರೀಕ್ಷೆ ಅವರದು.