ಕನಸಿಗೆ ವೈದ್ಯರ ಚೀಟಿ

2013ರಲ್ಲಿ ‘ಲೂಸಿಯಾ’ ನೋಡಿ ಹೊರಬಂದವರೆಲ್ಲ ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಇದರಲ್ಲಿ ನಿಜ ಯಾವುದು, ಕನಸು ಯಾವುದು? ನಿರ್ದೇಶಕ ಪವನ್ ಕುಮಾರ್ ಉತ್ತರವನ್ನೂ ಕೊಟ್ಟೇ ಕಳಿಸಿದ್ದರು. ಹಳೆಯ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಒಂದು ಮಾತ್ರೆ ನುಂಗುತ್ತಾನೆ, ಕನಸಿನಲ್ಲಿ ಸಿನಿಮಾ ಸ್ಟಾರ್ ಆಗುತ್ತಾನೆ. ನಿಕ್ಕಿಯ ಬದುಕು ಬಣ್ಣದಲ್ಲಿ, ಸ್ಟಾರ್‌ನದು ಕಪ್ಪು-ಬಿಳುಪಿನಲ್ಲಿ. ಕೊನೆಗೆ ಲೆಕ್ಕ ತಿರುಗುಮುರುಗಾಗುತ್ತದೆ: ಸ್ಟಾರ್ ನಿಜ, ಸಾಮಾನ್ಯನಾಗಿ ಬದುಕಬೇಕೆಂಬ ಅವನ ಆಸೆಯೇ ನಿಕ್ಕಿ. ಚತುರವಾದ ತಿರುವು, ಒಪ್ಪೋಣ. ಆದರೆ ಆ ತಿರುವು ಗೊತ್ತಾದ ಮೇಲೆ ಚಿತ್ರವನ್ನು ಎರಡನೇ ಸಲ ನೋಡುವವರು ಕನಸು ಕಾಣಲು ಹೋಗುವುದಿಲ್ಲ, ಸುಳಿವು ಹುಡುಕಲು ಹೋಗುತ್ತಾರೆ.

ಕನ್ನಡದಲ್ಲಿ ಕನಸಿನ ಸಿನಿಮಾ ಅನ್ನುವುದಕ್ಕೆ ಸಣ್ಣದಾದರೂ ಒಂದು ಪರಂಪರೆಯಿದೆ. ಅದಕ್ಕೆ ಸರ್ರಿಯಲಿಸಂ ಎಂಬ ಹೆಸರು ಅಂಟಿಸುವುದು ನಮ್ಮ ವಿಮರ್ಶೆಗೆ ರೂಢಿಯಾಗಿಬಿಟ್ಟಿದೆ. ನನಗೆ ಒಪ್ಪಿಗೆಯಿಲ್ಲ. ಲೂಯಿಸ್ ಬುನ್ಯುಯೆಲ್ ಮತ್ತು ಸಾಲ್ವಡೋರ್ ಡಾಲಿ 1929ರಲ್ಲಿ ‘ಆಂಡಲೂಸಿಯಾದ ನಾಯಿ’ ಬರೆಯುವಾಗ ಒಂದೇ ಒಂದು ನಿಯಮ ಇಟ್ಟುಕೊಂಡಿದ್ದರು: ತರ್ಕದಿಂದ ವಿವರಿಸಬಹುದಾದ ಯಾವ ದೃಶ್ಯವೂ ಬೇಡ. ಚಿತ್ರದಲ್ಲಿ ನಾಯಿಯೂ ಇಲ್ಲ, ಆಂಡಲೂಸಿಯಾವೂ ಇಲ್ಲ. ನಮ್ಮವರದು ಇದಕ್ಕೆ ಪೂರ್ತಿ ಉಲ್ಟಾ. ಎಷ್ಟೇ ವಿಚಿತ್ರವಾದ ದೃಶ್ಯ ತೋರಿಸಿದರೂ ಕೊನೆಯ ರೀಲಿನಲ್ಲಿ ಅದರ ಅರ್ಥ ಬಿಡಿಸಿ ಹೇಳದೆ ಪ್ರೇಕ್ಷಕರನ್ನು ಮನೆಗೆ ಕಳಿಸುವುದಿಲ್ಲ.

ಹೀಗೇಕೆ? ಪ್ರೇಕ್ಷಕನಿಗೆ ಅರ್ಥವಾಗುವುದಿಲ್ಲ ಎಂಬ ಹಳೆಯ ಸಬೂಬು ನಿಲ್ಲುವುದಿಲ್ಲ. ಮೈಸೂರಿನ ಪ್ರೇಕ್ಷಕನನ್ನೇ ನೋಡಿ. ಹೊಲದ ಬದುವಿನಲ್ಲಿ ಕಣ್ಣು ಮುಚ್ಚಿದ ನಾಯಕ ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನದಲ್ಲಿ ಕಣ್ಣು ಬಿಡುತ್ತಾನೆ. ಪಲ್ಲವಿಗೊಂದು ಸೀರೆ, ಚರಣಕ್ಕೊಂದು ಸೀರೆ. ಕಾರಂಜಿಯ ಹಿಂದಿನಿಂದ ಇಪ್ಪತ್ತು ಜನ ಒಂದೇ ಬಟ್ಟೆ ತೊಟ್ಟು ಓಡಿ ಬರುತ್ತಾರೆ. ಭಾನುವಾರ ಸಂಸಾರ ಸಮೇತ ಬಸ್ಸು ಹತ್ತಿ ಅದೇ ತೋಟಕ್ಕೆ ಹೋಗಿ ಕಡಲೆಕಾಯಿ ತಿಂದು ಬಂದವರು, ಪರದೆಯ ಮೇಲೆ ಅದನ್ನೇ ನಾಯಕನ ಕನಸಿನ ಲೋಕವೆಂದು ದಶಕಗಟ್ಟಲೆ ಒಪ್ಪಿಕೊಂಡಿದ್ದಾರೆ. ನಾಯಕ-ನಾಯಕಿ ಯಾಕೆ ಅಲ್ಲಿಗೆ ಹೋದರು, ಹೇಗೆ ಹೋದರು ಎಂದು ಯಾರೂ ಕೇಳಿದ್ದಿಲ್ಲ. ಇಷ್ಟು ದೊಡ್ಡ ಜಿಗಿತವನ್ನು ನಗುತ್ತಾ ದಾಟುವ ಪ್ರೇಕ್ಷಕನಿಗೆ ಕಲ್ಪನೆ ಸಾಲದು ಅನ್ನುವುದು ಹೇಗೆ? ಹಾಡಿಗೆ ಕೊಟ್ಟ ಸಲುಗೆಯನ್ನು ಕಥೆಗೆ ಕೊಡದವರು ನಿರ್ದೇಶಕರು.

ಇದರ ಮೂಲ ಫ್ರಾಯ್ಡ್ ಕನ್ನಡಕ್ಕೆ ಬಂದ ಬಗೆಯಲ್ಲಿದೆ ಎಂದು ನನಗನ್ನಿಸುತ್ತದೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಸರ್ರಿಯಲಿಸಂನ ಪ್ರಣಾಳಿಕೆ ಬರೆದ ಆಂದ್ರೆ ಬ್ರೆತೋನ್‌ಗೆ ಫ್ರಾಯ್ಡ್ ಅಂದರೆ ಬಿಡುಗಡೆ. ಕನಸಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಧೈರ್ಯ. ನಮ್ಮ ಸಾಮಾನ್ಯ ಓದುಗರಿಗೆ ಫ್ರಾಯ್ಡ್ ಸಿಕ್ಕಿದ್ದು ಬೇರೆ ದಾರಿಯಲ್ಲಿ, ಅದೂ ಮೈಸೂರಿನಿಂದ. ಇಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿ ‘ಬೆಕ್ಕಿನ ಕಣ್ಣು’, ‘ಶರಪಂಜರ’ದಂಥ ಕಾದಂಬರಿಗಳಲ್ಲಿ ಮನಸ್ಸಿನ ಕತ್ತಲೆಯನ್ನು ಅಡುಗೆಮನೆಯವರೆಗೂ ತಂದರು. ಹುಚ್ಚು ಎಂದು ಬಾಗಿಲು ಹಾಕುತ್ತಿದ್ದ ಮನೆಗಳಿಗೆ, ಇದು ಕಾಯಿಲೆ, ವಾಸಿಯಾಗುತ್ತದೆ ಎಂದು ಹೇಳಿದರು. ಅದು ದೊಡ್ಡ ಉಪಕಾರ. ಆದರೆ ಈ ಉಪಕಾರದ ಜತೆಗೇ ಒಂದು ಅಭ್ಯಾಸವೂ ಬಂತು: ಮನಸ್ಸು ಹಳಿ ತಪ್ಪಿದರೆ ಅದಕ್ಕೊಂದು ಕಾರಣವಿದೆ, ಕಾರಣ ತಿಳಿದವರು ವೈದ್ಯರು.

ಪಿರಿಯಾಪಟ್ಟಣದ ಕಣಗಾಲಿನಿಂದ ಬಂದ ಪುಟ್ಟಣ್ಣ 1971ರಲ್ಲಿ ‘ಶರಪಂಜರ’ವನ್ನು ತೆರೆಗೆ ತಂದಾಗ ಈ ಅಭ್ಯಾಸ ಸಿನಿಮಾಕ್ಕೂ ಅಂಟಿತು. ಪುಟ್ಟಣ್ಣನವರಲ್ಲಿ ಸಂಕೇತಗಳಿಗೇನೂ ಬರವಿಲ್ಲ. ಒಮ್ಮೊಮ್ಮೆ ಅತಿಯೇ ಆಯಿತು ಅನ್ನಿಸುವಷ್ಟಿವೆ. ಆದರೆ ಪ್ರತಿ ಸಂಕೇತವೂ ಪಾತ್ರದ ಸ್ಥಿತಿಗೆ ಹಿಡಿದ ಕನ್ನಡಿ, ಅದಕ್ಕಿಂತ ಆಚೆ ಹೋಗುವುದಿಲ್ಲ. ‘ಶರಪಂಜರ’ದಲ್ಲಿ ಆ ಸಂಕೇತಗಳನ್ನೆಲ್ಲ ಮೀರಿದ್ದು ಕಲ್ಪನಾ ಅವರ ಮುಖ. ಆಸ್ಪತ್ರೆಯಿಂದ ವಾಸಿಯಾಗಿ ಬಂದ ಕಾವೇರಿಯನ್ನು ಸುತ್ತಲಿನವರು ಅನುಮಾನದಿಂದ ನೋಡುವಾಗ, ಆ ನೋಟಕ್ಕೆ ಸರಿಯಾಗಿ ನಗಬೇಕೋ ಬೇಡವೋ ಎಂದು ಅವರ ತುಟಿ ತಡಬಡಾಯಿಸುತ್ತದಲ್ಲ, ಅಷ್ಟು ಸಾಕು. ಮನೆಯೇ ಅಪರಿಚಿತವಾಗಿಬಿಡುವ ಭಯ ಅಲ್ಲಿ ಯಾವ ತಂತ್ರದ ಹಂಗೂ ಇಲ್ಲದೆ ಬಂದಿದೆ.

ನಂಜನಗೂಡಿನ ಜಿ.ವಿ. ಅಯ್ಯರ್ ದಾರಿ ಬೇರೆ. ಅವರ ‘ಆದಿ ಶಂಕರಾಚಾರ್ಯ’ದಲ್ಲಿ (1983) ಮೃತ್ಯು ಮತ್ತು ಪ್ರಜ್ಞೆ ಇಬ್ಬರು ಮನುಷ್ಯರಾಗಿ ಶಂಕರನ ಜತೆ ನಡೆಯುತ್ತಾರೆ. ಸುಂದರವಾದ ಕಲ್ಪನೆ. ಆದರೆ ಹೆಸರು ಹೊತ್ತೇ ಬರುವ ಪಾತ್ರಗಳಲ್ಲಿ ಬೆಚ್ಚಿಬೀಳುವಂಥದ್ದು ಏನಿರುತ್ತದೆ? ಅದು ರೂಪಕ, ಕನಸಲ್ಲ.

ಇನ್ನು ಉಪೇಂದ್ರ. ‘ಎ’ (1998) ಕಥೆಯನ್ನು ಚೂರು ಮಾಡಿ ಹಿಂದುಮುಂದಾಗಿ ಜೋಡಿಸಿತು. ‘ಉಪೇಂದ್ರ’ದ (1999) ನಾಯಕನಿಗೆ ‘ನಾನು’ ಅನ್ನುವುದೇ ಹೆಸರು. ಅವರ ಅಭಿಮಾನಿಗಳು ಈ ಚಿತ್ರಗಳ ಗೂಢಾರ್ಥ ಬಿಡಿಸುವುದರಲ್ಲಿ ಸುಖ ಕಾಣುತ್ತಾರೆ. ನನಗೆ ಆ ಗೂಢಾರ್ಥಗಳು ಬಿಡಿಸಿದ ಕೂಡಲೇ ಸಪ್ಪೆ ಅನ್ನಿಸುತ್ತವೆ. ಅಹಂಕಾರ ಬಿಡು, ದುರಾಸೆ ಬಿಡು ಎಂದು ಹೇಳಲು ಅಷ್ಟು ಗದ್ದಲ ಬೇಕಿರಲಿಲ್ಲ. ಉಪೇಂದ್ರರ ನಿಜವಾದ ಶಕ್ತಿ ಅರ್ಥದಲ್ಲಿಲ್ಲ, ಭಂಡತನದಲ್ಲಿದೆ. ಮನಸ್ಸಿಗೆ ಬಂದದ್ದನ್ನು ಬಾಯಿಗೆ ತಂದುಕೊಳ್ಳುವ ‘ನಾನು’ ಮರ್ಯಾದಸ್ಥರ ನಡುವೆ ನಿಂತು ಕಿರುಚುವಾಗ ಇಡೀ ಥಿಯೇಟರು ನಗುತ್ತಲೇ ಮುಜುಗರ ಪಡುತ್ತದೆ. ಬೂರ್ಜ್ವಾಗಳ ಊಟದ ಮೇಜನ್ನು ಅಣಕಿಸಿದ ಬುನ್ಯುಯೆಲ್‌ಗೆ ಉಪೇಂದ್ರ ಹತ್ತಿರ ಬರುವುದು ಇಲ್ಲಿ. ಹೆಂಗಸರ ಬಗ್ಗೆ ಆ ಪಾತ್ರ ಆಡುವ ಮಾತುಗಳನ್ನು ಮಾತ್ರ ಭಂಡತನವೆಂದು ಮಾಫಿ ಮಾಡಲಾಗುವುದಿಲ್ಲ. ಅಲ್ಲಿ ಚಿತ್ರ ಅಣಕಿಸುತ್ತಿಲ್ಲ, ಚಪ್ಪಾಳೆ ಕೇಳುತ್ತಿದೆ. 2024ರ ‘ಯುಐ’ ಹೊತ್ತಿಗೆ, ಬುದ್ಧಿವಂತರು ಎದ್ದು ಹೋಗಿ, ದಡ್ಡರು ಪೂರ್ತಿ ನೋಡಿ ಎಂದು ಶುರುವಿನಲ್ಲೇ ಸವಾಲು. ಪರೀಕ್ಷೆಗೆ ಕೂತವರು ಕನಸು ಕಾಣುವುದುಂಟೇ?

‘ಲೂಸಿಯಾ’ವೂ ಈ ಮಾತಿಗೆ ಹೊರತಲ್ಲ. ಅಲ್ಲಿ ಮಾತ್ರೆಯಿದೆ, ಕೋಮಾದಲ್ಲಿ ಮಲಗಿದವನಿದ್ದಾನೆ, ಅವನ ಸುತ್ತ ಪತ್ತೇದಾರಿಕೆಯಿದೆ. ತ್ರಿವೇಣಿಯವರ ಡಾಕ್ಟರಿಗೆ ಈಗ ಪೊಲೀಸರೂ ಜತೆಯಾಗಿದ್ದಾರೆ, ಅಷ್ಟೇ. ಆ ಚಿತ್ರ ಉಳಿಯುವುದಾದರೆ ಸಣ್ಣ ಸಂಗತಿಗಳಿಗಾಗಿ: ನಷ್ಟದಲ್ಲಿದ್ದರೂ ಥಿಯೇಟರು ಮಾರಲು ಒಪ್ಪದ ಶಂಕ್ರಣ್ಣ, ಕತ್ತಲಲ್ಲಿ ಸೀಟು ಹುಡುಕುವ ಟಾರ್ಚಿನ ಬೆಳಕು. 2020ರಲ್ಲಿ ಶಾಂತಲಾ ಚಿತ್ರಮಂದಿರ ಮುಚ್ಚಿದ್ದನ್ನು ಕಂಡ ಮೈಸೂರಿಗರಿಗೆ ಶಂಕ್ರಣ್ಣ ಕನಸೋ ನಿಜವೋ ಎಂಬ ಚರ್ಚೆಯೇ ಅಪ್ರಸ್ತುತ.

ಹಾಗಾದರೆ ಕನ್ನಡದಲ್ಲಿ ಕನಸನ್ನು ಕನಸಾಗಿಯೇ ಬಿಟ್ಟವರು ಯಾರೂ ಇಲ್ಲವೇ? ಇದ್ದಾರೆ, ಯಾರೂ ಸರ್ರಿಯಲಿಸ್ಟ್ ಎಂದು ಕರೆಯದ ಗಿರೀಶ್ ಕಾಸರವಳ್ಳಿ. ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯನ್ನು 2006ರಲ್ಲಿ ಚಿತ್ರವಾಗಿಸಿದಾಗ, ಪುನರ್ಜನ್ಮ ನಿಜವೇ ಸುಳ್ಳೇ ಎಂಬ ಪ್ರಶ್ನೆಯನ್ನು ಅವರು ಪಕ್ಕಕ್ಕಿಟ್ಟರು. ಸತ್ತ ಗಂಡನೇ ನಾನು ಎಂದು ಬಂದ ಹುಡುಗನನ್ನು ವಿಧವೆ ವೆಂಕಟಲಕ್ಷ್ಮಿ ಯಾಕೆ ಒಪ್ಪಿಕೊಂಡಳು ಎಂಬುದರ ಕಡೆಗೆ ತಿರುಗಿದರು. ಇದು ಜಾಣತನ, ಆದರೂ ಸ್ವಲ್ಪ ಅಳುಕಿನ ಜಾಣತನ. ವಾಸ್ತವವಾದಿಯ ಎಚ್ಚರ ಅಲ್ಲಿ ಕನಸನ್ನು ಕಾವಲು ಕಾಯುತ್ತಿದೆ.

ಅಮರೇಶ ನುಗಡೋಣಿಯವರ ಕಥೆ ಆಧರಿಸಿ ಕಾಸರವಳ್ಳಿಯವರೇ ಮಾಡಿದ ‘ಕನಸೆಂಬ ಕುದುರೆಯನೇರಿ’ಯಲ್ಲಿ ಆ ಅಳುಕಿಲ್ಲ. ವೈಜನಾಥ ಬಿರಾದಾರ ನಟಿಸಿದ ಈರ್ಯಾ ಊರಿನ ಗೋರಿ ತೋಡುವವ. ಕನಸಿನಲ್ಲಿ ಸಿದ್ಧ ಕಂಡರೆ ಊರಲ್ಲಿ ಯಾರೋ ಸತ್ತಿದ್ದಾರೆ, ತನಗೆ ಕೆಲಸವಿದೆ ಎಂದು ಅವನ ನಂಬಿಕೆ. ಕನಸು ಅಂದರೆ ಅವನಿಗೆ ರಹಸ್ಯವಲ್ಲ, ಕೂಲಿಯ ಕರೆ. ಸಿದ್ಧ ಕಂಡಿದ್ದಾನೆ, ಗೌಡರು ಹೋಗಿರಬೇಕು ಎಂದು ಅವರ ಮನೆಗೆ ಹೋದರೆ, ಯಾರೂ ಸತ್ತಿಲ್ಲ ಎನ್ನುತ್ತಾರೆ. ತನ್ನ ಕನಸೇ ಸುಳ್ಳಾಯಿತಲ್ಲ ಎಂದು ಅವನು ಕುಸಿಯುತ್ತಾನೆ. ನಂತರ ಚಿತ್ರ ಅದೇ ಘಟನೆಯನ್ನು ಗೌಡರ ಮನೆಯ ಒಳಗಿನಿಂದ ಮತ್ತೆ ಹೇಳುತ್ತದೆ: ಗೌಡರು ಸತ್ತಿದ್ದಾರೆ, ಮನೆಯವರು ತಮ್ಮ ಲಾಭಕ್ಕೆ ಸಾವನ್ನು ಮುಚ್ಚಿಟ್ಟಿದ್ದಾರೆ. ಯಾರು ಸುಳ್ಳು ಹೇಳಿದರು, ಯಾಕೆ ಹೇಳಿದರು ಎಲ್ಲಕ್ಕೂ ಎರಡನೇ ಭಾಗದಲ್ಲಿ ಉತ್ತರವಿದೆ. ಈರ್ಯಾನ ಕನಸಿಗೆ ಸಾವು ಮೊದಲೇ ಹೇಗೆ ಗೊತ್ತಾಯಿತು ಅನ್ನುವುದನ್ನು ಮಾತ್ರ ಕಾಸರವಳ್ಳಿ ವಿವರಿಸಲು ಹೋಗುವುದೇ ಇಲ್ಲ.