ಮೇಣದ ಕಣ್ಣೀರು: ‘ಡೆಕಲಾಗ್’ನ ಮೊದಲ ಚಿತ್ರ

ಸಿನಿಮಾ ತತ್ವಶಾಸ್ತ್ರಕ್ಕೆ ಉದಾಹರಣೆಗಳನ್ನು ಒದಗಿಸುವ ಪರಿಚಾರಕ ಮಾತ್ರವೇ, ಅಥವಾ ಸ್ವತಃ ಚಿಂತಿಸಬಲ್ಲುದೇ? ಶ್ರೇಷ್ಠ ನಿರ್ದೇಶಕರು ಪರಿಕಲ್ಪನೆಗಳಿಗೆ ಬದಲಾಗಿ ಬಿಂಬಗಳಿಂದ ಚಿಂತಿಸುತ್ತಾರೆಂದು ಫ್ರೆಂಚ್ ತತ್ವಜ್ಞಾನಿ ಜಿಲ್ ಡೆಲ್ಯೂಜ್ 1983ರಲ್ಲಿ ವಾದಿಸಿದರು. ಪೋಲೆಂಡಿನ ನಿರ್ದೇಶಕ ಕೀಸ್ಲೊವ್‌ಸ್ಕಿ, ವಕೀಲ ಪೀಸಿವಿಚ್ ಅವರೊಡಗೂಡಿ ಬರೆದ ‘ಡೆಕಲಾಗ್’ ಸರಣಿಯ ಮೊದಲ ಚಿತ್ರ ಈ ವಾದಕ್ಕೆ ತಕ್ಕ ಒರೆಗಲ್ಲು.

ವಿಶ್ವವಿದ್ಯಾಲಯದ ಅಧ್ಯಾಪಕನೊಬ್ಬ ಸರೋವರದ ಮಂಜುಗಡ್ಡೆ ಎಷ್ಟು ಭಾರ ತಾಳೀತೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕುತ್ತಾನೆ. ಮಗ ಪಾವೆಲ್ ಅದರ ಮೇಲೆ ಜಾರಾಡಲು ಹೋಗುತ್ತಾನೆ. ಮಂಜುಗಡ್ಡೆ ಒಡೆಯುತ್ತದೆ, ಬಾಲಕ ಸಾಯುತ್ತಾನೆ.

ಯಂತ್ರವನ್ನು ವಿಗ್ರಹವಾಗಿಸಿದವನಿಗೆ ದೇವರು ವಿಧಿಸಿದ ಶಿಕ್ಷೆಯಿದು ಎಂಬ ವ್ಯಾಖ್ಯಾನ ಪ್ರಬೋಧನೆಗೆ ಬಹಳ ಅನುಕೂಲ. ಆದರೆ ಚಿತ್ರ ಅದಕ್ಕೆ ಒಪ್ಪುವುದಿಲ್ಲ. ತಂದೆ ಲೆಕ್ಕವನ್ನಷ್ಟೇ ನೆಚ್ಚಿ ಕೂರದೆ, ರಾತ್ರಿ ತಾನೇ ಹೋಗಿ ಮಂಜಿನ ಮೇಲೆ ನಡೆದು ಪರೀಕ್ಷಿಸುತ್ತಾನೆ. ಮಂಜುಗಡ್ಡೆ ಏಕೆ ಒಡೆಯಿತೆಂದು ಚಿತ್ರ ಹೇಳುವುದೇ ಇಲ್ಲ. ತಂದೆಯ ತಪ್ಪಿಗೆ ಮಗನನ್ನು ಕೊಲ್ಲುವ ದೇವರನ್ನು ಸಾರಿದರೆ, ನಾವು ಯೋಬನ ಗೆಳೆಯರ ಸಾಲಿಗೆ ಸೇರುತ್ತೇವೆ.

ಚಿತ್ರಕ್ಕೆ ದೋಷವಿಲ್ಲವೆಂದಲ್ಲ. ಕಂಪ್ಯೂಟರ್ ತಾನಾಗಿಯೇ ಬೆಳಗಿ, ಸಿದ್ಧನಿದ್ದೇನೆಂದು ಸಾರುವ ದೃಶ್ಯದಲ್ಲಿ ನಿರ್ದೇಶಕರು ಬೆರಳು ತೋರಿಸುತ್ತಾರೆ. ಅಲ್ಲಿ ಬಿಂಬವು ಚಿಂತಿಸುವುದನ್ನು ಬಿಟ್ಟು ಉಪದೇಶಿಸತೊಡಗುತ್ತದೆ. ಶಿಕ್ಷೆಯ ವ್ಯಾಖ್ಯಾನಕ್ಕೆ ಇಂಬು ದೊರೆಯುವುದೂ ಅಲ್ಲಿಯೇ.

ಕೊನೆಯ ದೃಶ್ಯ ಇದಕ್ಕೆ ಪೂರ್ಣ ಭಿನ್ನ. ಇನ್ನೂ ನಿರ್ಮಾಣದಲ್ಲಿರುವ ದೇವಾಲಯದೊಳಗೆ ತಂದೆ ಬಲಿಪೀಠವನ್ನು ಕೆಡವುತ್ತಾನೆ. ಮೇಣದಬತ್ತಿಯ ಮೇಣ ಕರಗಿ ಮಾತೆ ಮರಿಯಳ ಚಿತ್ರಪಟದ ಕೆನ್ನೆಯ ಮೇಲೆ ತೊಟ್ಟಿಕ್ಕುತ್ತದೆ. ಮೇಣ ಹರಿದದ್ದು ಭೌತನಿಯಮದಂತೆ. ಆದರೂ ಮಾತೆ ಅಳುತ್ತಿದ್ದಾಳೆ. ಪರಿಕಲ್ಪನೆ ಈ ಎರಡರಲ್ಲೊಂದನ್ನು ಆರಿಸೆಂದು ಒತ್ತಾಯಿಸೀತು. ಬಿಂಬ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲುತ್ತದೆ. ಬಳಿಕ ಅವನು ಹೆಪ್ಪುಗಟ್ಟಿದ ತೀರ್ಥದ ತುಣುಕನ್ನು ಹಣೆಗೊತ್ತಿಕೊಳ್ಳುತ್ತಾನೆ. ಮಗನನ್ನು ಕಳೆದದ್ದೂ ಮಂಜುಗಡ್ಡೆ, ಈಗ ಹಣೆಯನ್ನು ಮುಟ್ಟುತ್ತಿರುವುದೂ ಮಂಜುಗಡ್ಡೆ. ಇದು ಪ್ರಾರ್ಥನೆಯೋ ಪ್ರತಿಭಟನೆಯೋ? ಕೀರ್ತನೆಗಳನ್ನು ದಿನವೂ ಪಠಿಸುವ ನಮಗೆ, ಎರಡೂ ಒಂದೇ ಬಾಯಿಂದ ಹೊರಡಬಲ್ಲವೆಂಬುದು ಹೊಸತಲ್ಲ.

ಮನುಷ್ಯನಿಗೂ ಲೋಕಕ್ಕೂ ನಡುವೆ ಕಡಿದುಹೋದ ನಂಟಿನಲ್ಲಿ ಮತ್ತೆ ನಂಬಿಕೆ ಹುಟ್ಟಿಸುವುದು ಆಧುನಿಕ ಸಿನಿಮಾದ ಕಾರ್ಯವೆಂದು ಡೆಲ್ಯೂಜ್ 1985ರ ಎರಡನೆಯ ಸಂಪುಟದಲ್ಲಿ ಬರೆದರು. ಅವರು ಹೇಳಿದ್ದು ಈ ಲೋಕದ ಮೇಲಿನ ನಂಬಿಕೆ. ನಮ್ಮ ವಿಶ್ವಾಸ ಅಲ್ಲಿಗೇ ನಿಲ್ಲುವುದಿಲ್ಲ. ಆದರೆ ಮಗುವಿನ ಶವದ ಮುಂದೆ ಈ ಲೋಕವನ್ನು ದಾಟಿಹೋಗಲು ಅವಸರಪಡುವ ದೇವಶಾಸ್ತ್ರ ಶಿಲುಬೆಯನ್ನೂ ದಾಟಿಹೋದೀತು. ಈ ಚಿತ್ರವನ್ನು ಮೊದಲ ಆಜ್ಞೆಯ ಪಾಠಕ್ಕೆ ಉದಾಹರಣೆಯಾಗಿ ತೋರಿಸುವವರು, ಪರದೆ ಕತ್ತಲಾದೊಡನೆ ಉತ್ತರ ಹೇಳದಿರಲಿ.