ಹೊಲದ ಅಂಚಿನ ಐದು ಸಾಲು: 'ಲೌದಾತೋ ಸೀ' ವಿಶ್ವಪತ್ರದ ಕುಲಾಂತರಿ ವಿಚಾರ, ಒಂದು ವಿಮರ್ಶೆ

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸೀ' ವಿಶ್ವಪತ್ರವನ್ನು ನಮ್ಮ ಗುರುಮಠಗಳಲ್ಲಿ ಸಾಮಾನ್ಯವಾಗಿ ಪರಿಸರ ಭಕ್ತಿಯ ಗ್ರಂಥವಾಗಿ ಓದಿಸುತ್ತೇವೆ. ಆದರೆ ಅದರ ಮೂರನೆಯ ಅಧ್ಯಾಯದ ಕೊನೆಯ ಭಾಗ, ಅಂದರೆ 130ರಿಂದ 136ರವರೆಗಿನ ಪರಿಚ್ಛೇದಗಳು, ಹೊಸ ಜೈವಿಕ ತಂತ್ರಜ್ಞಾನವನ್ನು ಸಮಾಜ ಹೇಗೆ ಆಳಬೇಕೆಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತವೆ. ಹಳೇ ಹುಬ್ಬಳ್ಳಿಯಲ್ಲಿ ಕುಳಿತು, ಹತ್ತಿಯ ವ್ಯಾಪಾರದಿಂದ ಬೆಳೆದ ಊರಿನ ಕಣ್ಣಿನಿಂದ, ಆ ಪರಿಚ್ಛೇದಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ವಿಶ್ವಪತ್ರದ ನಿಲುವು ಸಂಯಮದ್ದು. ಕುಲಾಂತರಿ ಬೆಳೆಗಳ ಬಗ್ಗೆ ಸಾರಾಸಗಟು ತೀರ್ಪು ಕೊಡಲು ಅದು ಒಪ್ಪುವುದಿಲ್ಲ. ಅವು ಮನುಷ್ಯರಿಗೆ ಹಾನಿಕರವೆಂಬುದಕ್ಕೆ ನಿರ್ಣಾಯಕ ಸಾಕ್ಷ್ಯವಿಲ್ಲ, ಕೆಲವು ಕಡೆ ಅವುಗಳಿಂದ ಆರ್ಥಿಕ ಪ್ರಗತಿಯೂ ಆಗಿದೆ ಎಂದು ಒಪ್ಪಿಕೊಳ್ಳುತ್ತದೆ. ಅದರ ಆತಂಕವೆಲ್ಲ ಭೂಮಿ ಮತ್ತು ಬೀಜದ ಒಡೆತನ ಕೆಲವರ ಕೈಯಲ್ಲಿ ಕೂಡಿಕೊಳ್ಳುವುದರ ಮೇಲೆ. ಐದನೆಯ ಅಧ್ಯಾಯದ 186ನೆಯ ಪರಿಚ್ಛೇದವು 1992ರ ರಿಯೋ ಘೋಷಣೆಯ ಮುನ್ನೆಚ್ಚರಿಕೆಯ ತತ್ತ್ವವನ್ನು ಸ್ವೀಕರಿಸುತ್ತದೆ. ಇದನ್ನು ನಾವು ಗೌರವದಿಂದ ಒಪ್ಪುತ್ತೇವೆ. ನಮ್ಮ ಪ್ರಶ್ನೆ ಇಷ್ಟೇ: ನಮ್ಮ ಎರೆ ಭೂಮಿಯ ಅನುಭವಕ್ಕೆ ಈ ವಿವೇಚನೆ ಸಾಲುತ್ತದೆಯೇ?

ಧಾರವಾಡದ ನೆಲಕ್ಕೆ ಬೀಜದ ಹೊಸತನ ಅಪರಿಚಿತವಲ್ಲ. ಜಯಧರ ಹತ್ತಿಯ ಈ ನಾಡಿನಲ್ಲಿಯೇ 1972ರಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಅಂತರ್‌ಪ್ರಭೇದ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. 2002ರ ಮಾರ್ಚಿನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಬಿಟಿ ಹತ್ತಿಗೆ ಅನುಮತಿ ಇತ್ತಿತು. ಹಸಿರು ಕಾಯಿಕೊರಕದ ಕಾಟ ತಗ್ಗಿತು, ಔಷಧ ಸಿಂಪಡಣೆ ಕಡಿಮೆಯಾಯಿತು, ರೈತರು ನೆಮ್ಮದಿ ಕಂಡರು. ಇದನ್ನು ಮರೆಮಾಚಿ ಮಾಡುವ ಟೀಕೆ ಸತ್ಯಕ್ಕೆ ದ್ರೋಹ.

ಮೊದಲನೆಯ ಆಕ್ಷೇಪ ಒಡೆತನವನ್ನು ಕುರಿತದ್ದು. ಖಾಸಗಿ ಕಂಪನಿಗಳಿಗೆ ಪ್ರತಿಯಾಗಿ ಸಾರ್ವಜನಿಕ ಸಂಸ್ಥೆಗಳೇ ಒಂದು ಬಿಟಿ ಹತ್ತಿಯನ್ನು ರೂಪಿಸಿದವು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೊಡನೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೈಗೂಡಿಸಿದ ಬಿಕಾನೇರಿ ನರ್ಮಾ ಬಿಟಿ 2009ರಲ್ಲಿ ರೈತರ ಕೈ ಸೇರಿತು. ಬೆಲೆ ಕಡಿಮೆ, ಬೀಜವನ್ನು ಮರುವರ್ಷಕ್ಕೆ ಎತ್ತಿಡಬಹುದಿತ್ತು. ವಿಶ್ವಪತ್ರ ಬಯಸುವಂಥದ್ದೇ ಅದು. ಆದರೆ ಅದರಲ್ಲಿ ಖಾಸಗಿ ಕಂಪನಿಯ ಜೀನಿನ ಅಂಶ ಬೆರೆತಿರುವುದು ಕಂಡುಬಂದು, ತಳಿಯನ್ನು ಹಿಂದೆಗೆಯಬೇಕಾಯಿತು. ತಜ್ಞರ ಸಮಿತಿಯೊಂದು ಅದನ್ನು ವಿಚಾರಣೆ ಮಾಡಿತು. ಒಡೆತನ ಸಾರ್ವಜನಿಕವಾದ ಮಾತ್ರಕ್ಕೆ ಪರಿಶೀಲನೆ ಪ್ರಾಮಾಣಿಕವೂ ಸಮರ್ಥವೂ ಆಗುವುದಿಲ್ಲ. ಲೋಭದ ಪಾಪವನ್ನು ಹೆಸರಿಸುವ ವಿಶ್ವಪತ್ರ, ಒಳ್ಳೆಯ ಉದ್ದೇಶದವರ ಅವಸರದ ಪಾಪವನ್ನು ಅಷ್ಟು ಸ್ಪಷ್ಟವಾಗಿ ಹೆಸರಿಸುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಮುನ್ನೆಚ್ಚರಿಕೆಯ ತತ್ತ್ವ ಅನುಮತಿಯ ಬಾಗಿಲಲ್ಲಿ ನಿಂತ ಕಾವಲುಗಾರ. ಬಿಟಿ ಹತ್ತಿಯ ಅಪಾಯವೋ ಬಾಗಿಲು ದಾಟಿದ ಮೇಲೆ ಹೊಲದಲ್ಲಿ ಬೆಳೆಯಿತು. ಬಿಟಿ ಬೆಳೆಯ ಸುತ್ತ ಐದು ಸಾಲು, ಇಲ್ಲವೇ ಶೇ. 20ರಷ್ಟು ಜಾಗದಲ್ಲಿ ಬಿಟಿಯಲ್ಲದ ಹತ್ತಿಯನ್ನು ಬಿತ್ತಬೇಕೆಂಬುದು ಆಗಿನ ನಿಯಮವಾಗಿತ್ತು. ಅಲ್ಲಿ ಬದುಕಿ ಉಳಿದ ಸಾಮಾನ್ಯ ಪತಂಗಗಳು ವಿಷವನ್ನು ಜಯಿಸಿದ ಪತಂಗಗಳೊಡನೆ ಕೂಡುವುದರಿಂದ ಕೀಟದ ಪ್ರತಿರೋಧ ನಿಧಾನವಾಗುತ್ತದೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬೇರೆ ಬೀಜದ ಪೊಟ್ಟಣ ಕೊಟ್ಟದ್ದು ಇದಕ್ಕಾಗಿಯೇ. ಬಹಳ ಮಂದಿ ಅದನ್ನು ಬಿತ್ತಲೇ ಇಲ್ಲ. 2010ರಲ್ಲಿ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಯನ್ನು ಮೀರಿದ್ದು ಬಹಿರಂಗವಾಯಿತು. ಕೆಲವೇ ವರ್ಷಗಳಲ್ಲಿ ಎರಡನೆಯ ಪೀಳಿಗೆಯೂ ಸೋತಿತು.

ಯಾಜಕಕಾಂಡದ ಆಜ್ಞೆ ಇಲ್ಲಿ ನಮಗೆ ನೆನಪಾಗುತ್ತದೆ: ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ರೂತಳು ಬದುಕಿದ್ದು ಆ ನಿಯಮದ ನೆರಳಿನಲ್ಲಿ. ಅಂಚು ನನ್ನದಾದರೂ ಅದರ ಫಲ ನನ್ನದಲ್ಲ. ಆಶ್ರಯ ಬೆಳೆಯ ಐದು ಸಾಲುಗಳೂ ಹಾಗೆಯೇ. ಅವುಗಳ ನಷ್ಟ ಬಿತ್ತಿದವನಿಗೆ, ಲಾಭ ನೆರೆಯ ಹೊಲಗಳಿಗೆ, ಇನ್ನೂ ಹುಟ್ಟದ ರೈತನಿಗೆ. ಕೀಟವು ಔಷಧಕ್ಕೆ ಮಣಿಯುವ ಗುಣವೇ ಒಂದು ಸರ್ವಹಿತ. ಅದನ್ನು ಖರ್ಚು ಮಾಡಿ ಮುಗಿಸಿದವರು ಯಾರೋ ಒಬ್ಬ ಶತ್ರುವಲ್ಲ; ಲಕ್ಷಾಂತರ ಸಣ್ಣ ತೀರ್ಮಾನಗಳು.

ಹಾಗಾದರೆ ಎರಡು ಎಕರೆಯ ಸಾಲಗಾರ ರೈತನನ್ನು ಪಾಪಿಯೆನ್ನಬೇಕೆ? ಖಂಡಿತ ಅಲ್ಲ. ಎರಡನೆಯ ಜಾನ್ ಪೌಲರು 1984ರಲ್ಲಿ ಸಾಮಾಜಿಕ ಪಾಪವನ್ನು ವಿವರಿಸುತ್ತ, ಅದರ ಬೇರು ವ್ಯಕ್ತಿಗಳ ಪಾಪದಲ್ಲಿದೆ, ಹೆಸರಿಲ್ಲದ ವ್ಯವಸ್ಥೆಯ ಮೇಲೆ ಹೊರೆ ಹೊರಿಸಬಾರದು ಎಂದು ಎಚ್ಚರಿಸಿದರು. ಇಲ್ಲಿ ಆ ವ್ಯಕ್ತಿಗಳು ಹೆಚ್ಚಾಗಿ ಹೊಲದಲ್ಲಿಲ್ಲ. ನಿಯಮ ಬರೆದು, ಅದರ ನಷ್ಟ ಭರಿಸುವ ದಾರಿ ಬರೆಯದೆ, ಮತ್ತೆ ಹೊಲದತ್ತ ತಿರುಗಿ ನೋಡದ ಮೇಜುಗಳ ಹಿಂದಿದ್ದಾರೆ. ವಿಶ್ವಪತ್ರವು 183 ಮತ್ತು 187ರಲ್ಲಿ ನಿರಂತರ ನಿಗಾ ಮತ್ತು ಮರುಪರಿಶೀಲನೆಯನ್ನು ಹೇಳುತ್ತದೆ, ನಿಜ. ಆದರೆ ಆ ನೆನಪನ್ನು ಯಾರು ಕಾಯಬೇಕು, ಯಾರ ಖರ್ಚಿನಲ್ಲಿ ಎಂಬುದನ್ನು ಹೇಳದೆ ಬಿಡುತ್ತದೆ.

ಆ ಕೊರತೆಯನ್ನು ತುಂಬಲು ಸಂಪ್ರದಾಯವೇ ನೆರವಾಗುತ್ತದೆ. ಸಂತ ತೋಮಸ್ ಅಕ್ವಿನಾಸರು ವಿವೇಕದ ಅಂಗಗಳಲ್ಲಿ ಎಚ್ಚರಿಕೆಯನ್ನು ಎಣಿಸುತ್ತಾರೆ. ಅದರ ಜೊತೆಗೆ ಸ್ಮರಣೆಯನ್ನೂ, ಇತರರಿಂದ ಕಲಿಯುವ ವಿನಯವನ್ನೂ ಎಣಿಸುತ್ತಾರೆ. ಎಚ್ಚರಿಕೆಯನ್ನು ಮಾತ್ರ ಬೇರ್ಪಡಿಸಿ ತತ್ತ್ವವಾಗಿಸಿದರೆ ವಿವೇಕ ಕುಂಟುತ್ತದೆ. 2010ರ ಬಿಟಿ ಬದನೆ ಪ್ರಕರಣ ವಿನಯಕ್ಕೆ ಒಂದು ನಿದರ್ಶನ. ಮಾಳಾಪುರ, ಕುಡಚಿ, ಉಡುಪಿಯ ಸ್ಥಳೀಯ ತಳಿಗಳೂ ಆ ಯೋಜನೆಯಲ್ಲಿದ್ದವು. ಏಳು ನಗರಗಳಲ್ಲಿ ಸಮಾಲೋಚನೆ ನಡೆಸಿ, ಬೆಂಗಳೂರಿನ ಕೊನೆಯ ಸಭೆಯ ನಂತರದ ಮೂರನೆಯ ದಿನ, ಫೆಬ್ರುವರಿ 9ರಂದು ಸಚಿವ ಜೈರಾಮ್ ರಮೇಶ್ ತಡೆ ಘೋಷಿಸಿದರು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ವಾದವಿದೆ. ರೈತನ ಮಾತಿಗೂ ಅಲ್ಲಿ ಜಾಗವಿತ್ತೆಂಬುದು ಮುಖ್ಯ. ಹತ್ತಿಗೆ ಅನುಮತಿ ಸಿಕ್ಕ ನಂತರದ ವರ್ಷಗಳಲ್ಲಿ ಅಂಥ ಕೇಳುವಿಕೆ ನಡೆದಿದ್ದರೆ, ಬಿತ್ತದೆ ಉಳಿದ ಪೊಟ್ಟಣಗಳ ಸುದ್ದಿ ಬೇಗ ದೆಹಲಿ ಮುಟ್ಟುತ್ತಿತ್ತು.

ಗುರುಗಳಾದ ನಾವು ಬೀಜಶಾಸ್ತ್ರಜ್ಞರಲ್ಲ. ಆದರೆ ಮುಂಗಾರಿನ ಮುನ್ನ ಬೀಜಗಳನ್ನು ಆಶೀರ್ವದಿಸುತ್ತೇವೆ, ಸುಗ್ಗಿಯ ಕಾಣಿಕೆಯನ್ನು ಪೀಠದ ಮುಂದೆ ಸ್ವೀಕರಿಸುತ್ತೇವೆ. ನಡುವಿನ ತಿಂಗಳುಗಳಲ್ಲಿ ಹೊಲದ ಅಂಚಿನಲ್ಲಿ ಏನಾಯಿತೆಂದು ಕೇಳುವುದಿಲ್ಲ. ವಿಶ್ವಪತ್ರದಲ್ಲಿ ನಾವು ಕಂಡ ಕೊರತೆ ನಮ್ಮ ಪಾಲನಾ ಸೇವೆಯದೂ ಹೌದು. ಗುರುವಿದ್ಯಾರ್ಥಿಗಳು 'ಲೌದಾತೋ ಸೀ'ಯನ್ನು ಕುಂದಗೋಳ, ನವಲಗುಂದದ ರೈತರ ಮನೆಯಂಗಳದಲ್ಲಿ ಒಮ್ಮೆ ಓದಲಿ. ಆಮೇಲೆ ತರಗತಿಗೆ ಬಂದು ನಮ್ಮ ವಿಮರ್ಶೆಯನ್ನು ತಿದ್ದಲಿ.